ತೊಗರಿ ಗೋದಾಮಿನ ಪೆಟ್ಟಿಗೆಯಲ್ಲಿ ಲುವಾ: ನಮ್ಮ ಕಡೆ ಈ ಭಾಷೆ ನಡೆಯುತ್ತದೆಯೇ?

ಗಂಜ್ ರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ತೊಗರಿ ಚೀಲ ಒಟ್ಟಿದ ಗೋದಾಮುಗಳಲ್ಲಿ ಶಾಖವನ್ನೂ ತೇವವನ್ನೂ ಅಳೆದು ಫೋನಿಗೆ ತಿಳಿಸುವ ಪೆಟ್ಟಿಗೆಗಳನ್ನು ನಾನು ಮಾಡಿಕೊಡುತ್ತೇನೆ. ಒಳಗೆ ವೈಫೈ ಇರುವ ಇಎಸ್‌ಪಿ8266 ಚಿಪ್‌ನ ಅಗ್ಗದ ನೋಡ್‌ಎಂಸಿಯು ಬೋರ್ಡ್, ಡಿಎಚ್‌ಟಿ22 ಸೆನ್ಸರ್, ಒಂದು ಪುಟ್ಟ ಓಲೆಡ್ ಪರದೆ ಇರುತ್ತವೆ. ಡಿಎಚ್‌ಟಿ11 ಇನ್ನೂ ಅಗ್ಗ, ಆದರೆ ಅದರ ಅಳತೆ 50 ಡಿಗ್ರಿಗೆ ನಿಲ್ಲುತ್ತದೆ. ಮೇ ತಿಂಗಳಲ್ಲಿ ನಮ್ಮ ತಗಡಿನ ಮಾಡಿನ ಕೆಳಗೆ ಅದನ್ನು ನಂಬಿ ಕೂರುವಂತಿಲ್ಲ.

ನಾನು ಚರ್ಚೆಗೆ ತರುತ್ತಿರುವುದು ಭಾಷೆಯ ವಿಷಯ. ಈ ಬೋರ್ಡಿಗೆ ಹೆಚ್ಚಿನವರು ಆರ್ಡುಯಿನೊ ಮೂಲಕ ಸಿ++ ಬರೆಯುತ್ತಾರೆ, ಉಳಿದವರು ಮೈಕ್ರೋಪೈಥಾನ್ ಹಿಡಿಯುತ್ತಾರೆ. ನಾನು ಲುವಾದಲ್ಲಿ ಬರೆಯುತ್ತೇನೆ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಕಟ್ಟಿದ ಭಾಷೆ ಇದು. ಆಗ ಅದನ್ನು ಬಳಸಬೇಕಿದ್ದವರು ತೈಲ ಕಂಪನಿಯ ಎಂಜಿನಿಯರುಗಳು. ಅವರು ಪ್ರೋಗ್ರಾಮಿಂಗ್ ಓದಿ ಬಂದವರಲ್ಲ. ಇಡೀ ಭಾಷೆಯ ಮೂಲ ಸುಮಾರು 30 ಸಾವಿರ ಸಾಲುಗಳ ಸಿ ಸಂಕೇತ, ಅಷ್ಟೇ. ಕೋಷ್ಟಕ ಎನ್ನಬಹುದಾದ 'ಟೇಬಲ್' ಒಂದನ್ನು ಅರ್ಥ ಮಾಡಿಕೊಂಡರೆ ಭಾಷೆಯ ಮುಕ್ಕಾಲು ಪಾಲು ಕೈಗೆ ಬಂದಂತೆ.

ನಾನು ಇದನ್ನು ಆರಿಸಿಕೊಳ್ಳಲು ಒಂದೇ ಮುಖ್ಯ ಕಾರಣ. ಸಿ ಭಾಷೆಯಲ್ಲಿ ಬರೆದರೆ ಚಿಪ್‌ಗೆ ಹೋಗುವುದು ಯಂತ್ರಕ್ಕೆ ಮಾತ್ರ ತಿಳಿಯುವ ಕಡತ. ಬರೆದ ಮೂಲ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುತ್ತದೆ. ನಮ್ಮ ಕಡೆ ಆ ಲ್ಯಾಪ್‌ಟಾಪ್ ಹುಡುಗನ ಜೊತೆಗೆ ಪುಣೆಗೋ ಹೈದರಾಬಾದಿಗೋ ಬೆಂಗಳೂರಿಗೋ ಹೊರಟುಹೋಗುತ್ತದೆ. ಪೆಟ್ಟಿಗೆ ಗೋದಾಮಿನ ಗೋಡೆಯ ಮೇಲೆ ಉಳಿಯುತ್ತದೆ, ಅದರ ಲೆಕ್ಕಾಚಾರ ಬದಲಿಸಲು ಯಾರಿಂದಲೂ ಆಗುವುದಿಲ್ಲ. ಲುವಾದಲ್ಲಿ ಬರೆದ ಸಾಲುಗಳು ಹಾಗೆಯೇ ಚಿಪ್‌ನ ಫ್ಲಾಶ್‌ನಲ್ಲಿ, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ, ಕುಳಿತಿರುತ್ತವೆ. ಕೇಬಲ್ ಚುಚ್ಚಿ ಕೇಳಿದರೆ ಓದಿಸುತ್ತವೆ, ತಿದ್ದಿದರೆ ತಿದ್ದಿಸಿಕೊಳ್ಳುತ್ತವೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಇಂಥ ಹೆಚ್ಚು ಬಳಕೆಯಲ್ಲಿಲ್ಲದ ಭಾಷೆಯನ್ನು ಚಿಪ್ ಮೇಲಾಗಲಿ ಫೋನಿನಲ್ಲಾಗಲಿ ಹಚ್ಚಿ ನೋಡಿದವರು ಇದ್ದರೆ ಬರೆಯಿರಿ. ಇದು ಸರಿಯಲ್ಲ ಎನ್ನುವವರೂ ದಯವಿಟ್ಟು ಬರೆಯಿರಿ.

ಸೇಡಂ ಕಲ್ಲುಗಣಿ

ನಮಸ್ಕಾರ ಸರ್. ನಾನು ಕಾರ್ಖಾನೆಯ ಇನ್‌ಸ್ಟ್ರುಮೆಂಟೇಶನ್ ವಿಭಾಗದವನು, ದಿನವಿಡೀ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಮತ್ತು ಸಿ ಜೊತೆಗೇ ಕೆಲಸ. ನಿಮ್ಮ ಕಾರಣ ನನಗೆ ಒಪ್ಪಿಗೆಯಾಯಿತು, ಆದರೆ ಅರ್ಧ ಮಾತ್ರ. ಮೂಲ ಚಿಪ್‌ನಲ್ಲಿದ್ದರೆ ಸಾಕೇ? ಅದನ್ನು ಓದಬಲ್ಲವನು ಬೇಕಲ್ಲ. ಕಲಬುರಗಿಯಲ್ಲಿ ಸಿ ಗೊತ್ತಿರುವ ಡಿಪ್ಲೊಮಾ ಹುಡುಗರು ಬೀದಿಗೊಬ್ಬರು ಸಿಗುತ್ತಾರೆ. ಲುವಾ ಗೊತ್ತಿರುವವನನ್ನು ಎಲ್ಲಿಂದ ಕರೆತರುತ್ತೀರಿ?

ಎರಡನೆಯದು, ಸೆನ್ಸರ್ ತಯಾರಿಸುವವರು ಉದಾಹರಣೆ ಕೊಡುವುದು ಸಿ++ ಮತ್ತು ಪೈಥಾನ್‌ನಲ್ಲಿ. ಚಿಪ್‌ನಲ್ಲಿ ಲುವಾ ಓಡಿಸುವ ಮೂಲ ತಂತ್ರಾಂಶವಾದ ನೋಡ್‌ಎಂಸಿಯು ಫರ್ಮ್‌ವೇರ್‌ನಲ್ಲಿ ಈಚಿನ ವರ್ಷಗಳಲ್ಲಿ ಹೊಸ ಕೆಲಸದ ವೇಗ ತಗ್ಗಿದೆ. ನಾಳೆ ಮಾರುಕಟ್ಟೆಗೆ ಹೊಸ ಸೆನ್ಸರ್ ಬಂದರೆ ಅದನ್ನು ಓದುವ ಸಂಕೇತವನ್ನು, ಅಂದರೆ ಡ್ರೈವರ್ ಅನ್ನು, ನೀವೇ ಕೂತು ಬರೆಯಬೇಕು. ಗೋದಾಮಿನ ಮಾಲೀಕ ಅದಕ್ಕೆ ದುಡ್ಡು ಕೊಡುತ್ತಾನೆಯೇ?

ಮೂರನೆಯದು, ಪೆಟ್ಟಿಗೆ ತೆರೆದವನಿಗೆ ಮೂಲ ಕಾಣುತ್ತದೆ ಎಂದರೆ ವೈಫೈ ಪಾಸ್‌ವರ್ಡ್ ಕೂಡ ಕಾಣುತ್ತದೆ.

ಗಂಜ್ ರಸ್ತೆ (ಕಲಬುರಗಿ)

ಸರ್, ಪಾಸ್‌ವರ್ಡ್‌ನ ಮಾತು ಮೊದಲು. ಇಎಸ್‌ಪಿ8266ರ ಫ್ಲಾಶ್‌ಗೆ ಗೂಢಲಿಪಿಯ ರಕ್ಷಣೆ ಇಲ್ಲ. ಸಿ++ನಲ್ಲಿ ಬರೆದರೂ ಫ್ಲಾಶ್ ಅನ್ನು ಹಾಗೇ ಇಳಿಸಿಕೊಂಡು ಅಕ್ಷರಗಳನ್ನು ಹುಡುಕಿದರೆ ಪಾಸ್‌ವರ್ಡ್ ಸಿಗುತ್ತದೆ. ಗುಟ್ಟು ಕಾಪಾಡಲೇಬೇಕಾದ ಕಡೆ ಇಎಸ್‌ಪಿ32 ಹಾಕಿ ಅದರ ಫ್ಲಾಶ್ ಎನ್‌ಕ್ರಿಪ್ಶನ್ ಬಳಸಬೇಕು. ಅಲ್ಲಿ ಭಾಷೆಯ ಪ್ರಶ್ನೆಯೇ ಬರುವುದಿಲ್ಲ.

ಡ್ರೈವರ್ ವಿಷಯದಲ್ಲಿ ನೀವು ಹೇಳಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ ನಾನು ಸೆನ್ಸರ್ ಕೊಂಡ ಮೇಲೆ ಡ್ರೈವರ್ ಹುಡುಕುವುದಿಲ್ಲ. ಫರ್ಮ್‌ವೇರ್‌ನಲ್ಲಿ ಯಾವುದಕ್ಕೆ ಸಿದ್ಧ ಡ್ರೈವರ್ (ಮಾಡ್ಯೂಲ್) ಇದೆಯೋ ಅದನ್ನೇ ಹೈದರಾಬಾದಿನ ಕೋಠಿಯಿಂದ ತರಿಸುತ್ತೇನೆ. ಗೋದಾಮಿಗೆ ಬೇಕಾದ ಅಳತೆಗಳು ನಾಲ್ಕೈದೇ. ಪ್ರತಿ ವಾರ ಹೊಸ ಸೆನ್ಸರ್ ಹಚ್ಚುವ ಪ್ರಯೋಗಶಾಲೆಗೆ ಲುವಾ ಹೇಳಿ ಮಾಡಿಸಿದ್ದಲ್ಲ.

ಓದಬಲ್ಲವನು ಬೇಕು ಎಂದಿರಿ. ಗೋದಾಮಿನ ಪೆಟ್ಟಿಗೆಯ ಕಡತದಲ್ಲಿ ಮೇಲಿನ ಹತ್ತು ಸಾಲುಗಳು ಒಂದು ಟೇಬಲ್. ತೇವ ಎಷ್ಟು ಮುಟ್ಟಿದರೆ ಎಚ್ಚರಿಕೆ ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು, ಯಾವ ಸಂಖ್ಯೆಗೆ ಸಂದೇಶ ಹೋಗಬೇಕು, ಎಲ್ಲವೂ ಅಲ್ಲಿವೆ. ಪ್ರತಿ ಸಾಲಿನ ಕೊನೆಯಲ್ಲಿ ಎರಡು ಅಡ್ಡಗೆರೆ ಹಾಕಿ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದೇನೆ. ಟಿಪ್ಪಣಿಯಲ್ಲಿ ಏನಿದ್ದರೂ ಲುವಾ ದಾಟಿಕೊಂಡು ಹೋಗುತ್ತದೆ, ರ್‍ಯಾಮ್‌ಗೂ ಹೊರೆಯಿಲ್ಲ. ಸಿ ಓದಿದ ಹುಡುಗ ಆ ಕಡತವನ್ನು ಒಂದು ಮಧ್ಯಾಹ್ನದಲ್ಲಿ ಅರ್ಥ ಮಾಡಿಕೊಳ್ಳುತ್ತಾನೆ. ಸಿ ಓದದ ಗುಮಾಸ್ತ ಕೂಡ ಸಂಖ್ಯೆಯೊಂದನ್ನು ಬದಲಿಸಬಲ್ಲ. ಒಂದು ಎಚ್ಚರಿಕೆ: ಕನ್ನಡ ಟಿಪ್ಪಣಿ ಬರೆದ ಕಡತವನ್ನು ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಬಿಓಎಂ ಎಂಬ ಗುರುತು ಇಲ್ಲದ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಆರಿಸಿಕೊಳ್ಳಿ. ಲುವಾ 5.1ಕ್ಕೆ ಕಡತದ ತಲೆಯಲ್ಲಿ ಕೂರುವ ಆ ಮೂರು ಬೈಟ್‌ಗಳು ಅರ್ಥವಾಗುವುದಿಲ್ಲ, ಮೊದಲ ಸಾಲಿನಲ್ಲೇ ದೋಷ ಎನ್ನುತ್ತದೆ.

ಇನ್ನೊಂದು ಮಾತು. ಬರೆದದ್ದನ್ನು ಯಂತ್ರದ ಕಡತವಾಗಿ ಬದಲಿಸುವ, ಅಂದರೆ ಕಂಪೈಲ್ ಮಾಡುವ, ಅಗತ್ಯವಿಲ್ಲದ್ದರಿಂದ ಗೋದಾಮಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿಗೆ ಬೇರೆ ಯುಎಸ್‌ಬಿ ಸಾಧನ ಜೋಡಿಸುವ ಓಟಿಜಿ ಕೇಬಲ್ ಹಾಕಿ, ಯುಎಸ್‌ಬಿ ಸೀರಿಯಲ್ ಟರ್ಮಿನಲ್ ಆ್ಯಪ್ ತೆರೆದು, ವೇಗ 115200 ಎಂದು ಇಟ್ಟರೆ ಚಿಪ್ ಉತ್ತರ ಕೊಡುತ್ತದೆ. ಚೀಲಗಳ ಮೇಲೆ ನಿಂತು, ಸೆನ್ಸರ್ ಅನ್ನು ಕೈಯಲ್ಲಿ ಹಿಡಿದು, ಒಂದು ಸಾಲು ಬರೆದು ಎಂಟರ್ ಒತ್ತಿದರೆ ಆ ಜಾಗದ ತೇವ ಅಲ್ಲೇ ಕಾಣುತ್ತದೆ. ಪೆಟ್ಟಿಗೆಯನ್ನು ಎಲ್ಲಿ ತೂಗುಹಾಕಬೇಕು ಎಂಬುದನ್ನು ನಾನು ಹೀಗೆಯೇ ತೀರ್ಮಾನಿಸುತ್ತೇನೆ.

ನೌಬಾದ್ (ಬೀದರ್)

ನಾನು ನಿವೃತ್ತ. ಚಿಪ್‌ನೊಂದಿಗೆ ನೇರವಾಗಿ ಮಾತನಾಡುವ ಸುಖದ ಬಗ್ಗೆ ಗಂಜ್ ರಸ್ತೆ ಅವರು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಈ ದಾರಿ ಲುವಾಗಿಂತ ಬಹಳ ಹಳೆಯದು. ಚಾರ್ಲ್ಸ್ ಮೂರ್ ಎಂಬವರು ರೂಪಿಸಿದ ಫೋರ್ತ್ ಭಾಷೆ 1970ರ ದಶಕದಲ್ಲೇ ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದ ದೂರದರ್ಶಕವನ್ನು ನಡೆಸುತ್ತಿತ್ತು. 2014ರ ನವೆಂಬರ್ 12ರಂದು ಧೂಮಕೇತುವಿನ ಮೇಲೆ ಇಳಿದ ಫೈಲಿ ನೌಕೆಯೊಳಗೆ ಇದ್ದದ್ದು ಫೋರ್ತ್‌ಗೆಂದೇ ವಿನ್ಯಾಸ ಮಾಡಿದ ಆರ್‌ಟಿಎಕ್ಸ್2010 ಪ್ರೊಸೆಸರ್.

ಆರ್ಡುಯಿನೊ ಉನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ ರ್‍ಯಾಮ್ ಎರಡೇ ಕಿಲೋಬೈಟ್. ಅಲ್ಲಿ ಲುವಾಗೆ ಕಾಲಿಡಲೂ ಜಾಗವಿಲ್ಲ. ಫೋರ್ತ್‌ನ ಒಂದು ರೂಪವಾದ ಫ್ಲಾಶ್‌ಫೋರ್ತ್ ಅದೇ ಚಿಪ್‌ನಲ್ಲಿ ಆರಾಮವಾಗಿ ಕೂರುತ್ತದೆ, ಕಂಪೈಲರ್ ಕೂಡ ಚಿಪ್‌ನೊಳಗೇ ಇರುತ್ತದೆ. ಸಣ್ಣ ಸಣ್ಣ ಪದಗಳನ್ನು (ಫೋರ್ತ್‌ನಲ್ಲಿ ಆದೇಶಗಳಿಗೆ ಈ ಹೆಸರು) ಕಟ್ಟುವುದು, ಒಂದೊಂದನ್ನೂ ಅಲ್ಲೇ ಪರೀಕ್ಷಿಸುವುದು, ಅವುಗಳಿಂದ ದೊಡ್ಡ ಪದ ಕಟ್ಟುವುದು. ಬಿದರಿ ಕೆಲಸದವರು ಬೆಳ್ಳಿಯ ಒಂದೊಂದೇ ಎಳೆಯನ್ನು ಕೂರಿಸಿ ತಟ್ಟಿ ನೋಡಿ ಮುಂದಿನ ಎಳೆಗೆ ಹೋಗುವಂತೆ ಕೆಲಸ ಸಾಗುತ್ತದೆ.

ಆದರೂ ಒಂದನ್ನು ಒಪ್ಪಿಕೊಳ್ಳಬೇಕು. ಗಂಜ್ ರಸ್ತೆ ಅವರ ಮುಖ್ಯ ಕಾರಣ, ಅಂದರೆ ಬಿಟ್ಟುಹೋದವನ ಕೆಲಸವನ್ನು ಬಂದವನು ಓದಬೇಕೆಂಬುದು, ಫೋರ್ತ್‌ನಲ್ಲಿ ಈಡೇರುವುದು ಕಷ್ಟ. ಮೌಲ್ಯಗಳೆಲ್ಲ ಹೆಸರಿಲ್ಲದೆ, ಒಂದರ ಮೇಲೊಂದು ಒಟ್ಟಿದ ಸ್ಟ್ಯಾಕ್ ಮೇಲೆ ಕುಳಿತಿರುತ್ತವೆ. ಬರೆದವನ ಮನಸ್ಸಿನಲ್ಲಿ ಅವುಗಳ ಲೆಕ್ಕ ಇರುತ್ತದೆ, ಓದುವವನು ಅದನ್ನು ಮೊದಲಿನಿಂದ ಹಾಕಬೇಕು. ಒಬ್ಬನೇ ಬರೆದು ಒಬ್ಬನೇ ನೋಡಿಕೊಳ್ಳುವ ಯಂತ್ರಕ್ಕೆ ನಾನು ಇಂದಿಗೂ ಫೋರ್ತ್ ಎನ್ನುತ್ತೇನೆ. ಊರಿನವರ ಗೋದಾಮಿಗೆ ಲುವಾ ಮೇಲು.

ಆಳಂದದ ವಿದ್ಯಾರ್ಥಿ

ಗಂಜ್ ರಸ್ತೆ ಅಣ್ಣಾ, ನನ್ನ ಬಳಿ ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ ಇದೆ. ಲುವಾ ಕಲಿಯಲು ಅದು ಸಾಕೇ? ಇನ್ನೊಂದು, ಕ್ಯಾಂಪಸ್ ಸಂದರ್ಶನದಲ್ಲಿ ಇದನ್ನು ಯಾರಾದರೂ ಕೇಳುತ್ತಾರೆಯೇ?

ಗಂಜ್ ರಸ್ತೆ (ಕಲಬುರಗಿ)

ಸಾಕು ತಮ್ಮಾ. ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡು ಅದರೊಳಗೆ ಲುವಾ ಪ್ಯಾಕೇಜ್ ತರಿಸಿಕೋ. ಕೆಲವೇ ನೂರು ಕಿಲೋಬೈಟ್, ದಿನದ ಡೇಟಾದಲ್ಲಿ ಗೊತ್ತೇ ಆಗುವುದಿಲ್ಲ. ನಂತರ ಒಂದು ಬೋರ್ಡ್ ಮತ್ತು ಓಟಿಜಿ ಕೇಬಲ್ ಸಿಕ್ಕರೆ ಅದೇ ಫೋನಿನಿಂದ ಚಿಪ್‌ಗೂ ಬರೆಯಬಹುದು. ಎರಡರ ಆವೃತ್ತಿ ಬೇರೆ ಎಂಬುದನ್ನು ಮಾತ್ರ ನೆನಪಿಡು. ಫೋನಿನಲ್ಲಿ ಬರುವುದು 5.4 ಅಥವಾ ಅದರ ಆಚೀಚಿನದು, ಚಿಪ್‌ನಲ್ಲಿ ಸಾಮಾನ್ಯವಾಗಿ ಇರುವುದು 5.1. ಪೂರ್ಣಾಂಕ ಭಾಗಾಕಾರದ ಎರಡು ಓರೆಗೆರೆಯ ಚಿಹ್ನೆ 5.3ರಲ್ಲಿ, ಅಂದರೆ 2015ರಲ್ಲಿ, ಬಂದದ್ದು. ಫೋನಿನಲ್ಲಿ ನಡೆಯುತ್ತದೆ, ಚಿಪ್‌ನಲ್ಲಿ ದೋಷ.

ಸಂದರ್ಶನದಲ್ಲಿ ಕೇಳುವುದು ಸಿ. ಅದನ್ನು ಬಿಟ್ಟು ಇದನ್ನು ಕಲಿ ಎಂದು ನಿನಗೆ ಹೇಳಲಾರೆ. ಆದರೆ ಲುವಾ ಮೂಲೆಗುಂಪಾದ ಭಾಷೆ ಎಂದೂ ತಿಳಿಯಬೇಡ. ರೆಡಿಸ್, ನಿಯೋವಿಮ್, ವೈರ್‌ಶಾರ್ಕ್ ಎಂಬ ತಂತ್ರಾಂಶಗಳ ಒಳಗೆ ಲುವಾ ಇದೆ. ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಹಾಕಿದ ಅನೇಕ ರೌಟರ್‌ಗಳ ಪುಟಗಳನ್ನು ಹಿಂದೆ ಬರೆಯುತ್ತಿದ್ದದ್ದು ಲುವಾದಲ್ಲೇ. 2013ರಿಂದ ವಿಕಿಪೀಡಿಯದ ಟೆಂಪ್ಲೇಟ್‌ಗಳಿಗೆ ಲುವಾ ಬಳಸಬಹುದು. ಕನ್ನಡ ವಿಕಿಪೀಡಿಯದಲ್ಲಿ ಮಾಡ್ಯೂಲ್ ಪುಟಗಳನ್ನು ತೆರೆದರೆ ಈ ಭಾಷೆ ಕಣ್ಣೆದುರೇ ಇದೆ. ಓದಿ ಕಲಿಯಲು ಅದಕ್ಕಿಂತ ಹತ್ತಿರದ ಜಾಗ ಬೇರೆ ಬೇಕೇ?

ಬಸವಕಲ್ಯಾಣ

ನಾನು ಆಂಡ್ರಾಯ್ಡ್ ಆ್ಯಪ್ ಬರೆಯುವವನು. ಚಿಪ್‌ನಲ್ಲಿ ಲುವಾ ಇದೆಯಲ್ಲ, ಆ್ಯಪ್ ಕೂಡ ಅದರಲ್ಲೇ ಇರಲಿ, ನಿಯಮಗಳ ಕಡತ ಎರಡೂ ಕಡೆ ಒಂದೇ ಆಗುತ್ತದೆ ಎಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ಈ ಚರ್ಚೆ ಓದುವ ಹುಡುಗರು ಆ ಕಡೆ ಹೊರಡುವ ಮೊದಲು ದಾರಿ ಹೇಗಿದೆ ಎಂದು ತಿಳಿಯಲಿ.

ಲುವಾ ಶುದ್ಧ ಸಿ ಆಗಿರುವುದರಿಂದ ಸಿ ಸಂಕೇತವನ್ನು ಆ್ಯಪ್‌ಗೆ ಸೇರಿಸುವ ಆಂಡ್ರಾಯ್ಡ್‌ನ ಎನ್‌ಡಿಕೆಯಲ್ಲಿ ಅದನ್ನು ಕಟ್ಟುವುದು ಸುಲಭ. ತೊಡಕು ಅದರ ನಂತರದ್ದು. ಗುಂಡಿ, ಪಟ್ಟಿ, ಅನುಮತಿ, ಅಧಿಸೂಚನೆ, ಎಲ್ಲವೂ ಜಾವಾ ಮತ್ತು ಕೋಟ್ಲಿನ್ ಲೋಕದವು. ಲುವಾದಿಂದ ಅವುಗಳನ್ನು ಮುಟ್ಟಬೇಕಾದರೆ ಜೆಎನ್‌ಐ ಎಂಬ ಸೇತುವೆಯನ್ನು ನೀವೇ ಹಾಕಬೇಕು. ಆಟ ಬರೆಯುವವರಿಗೆ ಈ ಕಷ್ಟವಿಲ್ಲ. ಹಿಂದೆ ಕರೋನಾ ಎಂಬ ಹೆಸರಿನಲ್ಲಿದ್ದು ಈಗ ಮುಕ್ತವಾಗಿರುವ ಸೋಲಾರ್2ಡಿ, ಹಾಗೂ ಲವ್ ಎಂಬ ಚೌಕಟ್ಟು ಪರದೆಯನ್ನು ತಾವೇ ಬಿಡಿಸಿಕೊಳ್ಳುತ್ತವೆ. ಗೋದಾಮಿನ ಆ್ಯಪ್‌ಗೆ ಅವು ಹೊಂದುವುದಿಲ್ಲ.

ನಿಯಮ ಬದಲಾದಾಗ ಮೊದಲು ಪೆಟ್ಟು ಬೀಳುವುದೂ ಕಡಿಮೆ ಜನ ಬಳಸುವ ಭಾಷೆಗೇ. 2010ರ ಏಪ್ರಿಲ್‌ನಲ್ಲಿ ಆಪಲ್ ಐಫೋನಿನ ಆ್ಯಪ್‌ಗಳನ್ನು ತಾನು ಹೆಸರಿಸಿದ ಕೆಲವೇ ಭಾಷೆಗಳಲ್ಲಿ ಬರೆಯಬೇಕೆಂದು ಕರಾರು ಹಾಕಿತು, ಸೆಪ್ಟೆಂಬರ್‌ನಲ್ಲಿ ಸಡಿಲಿಸಿತು. ಆ ನಡುವೆ ಲುವಾದವರು ಪಟ್ಟ ಆತಂಕ ಸಣ್ಣದಲ್ಲ. ಗೂಗಲ್ ಪ್ಲೇ 2019ರ ಆಗಸ್ಟ್‌ನಿಂದ 64 ಬಿಟ್ ಕಡ್ಡಾಯ ಮಾಡಿತು. ಜಾವಾದಲ್ಲಿ ಮಾತ್ರ ಬರೆದವರಿಗೆ ಅದು ತಟ್ಟಲೇ ಇಲ್ಲ. ಯಾರೋ ಕಟ್ಟಿಟ್ಟ ಹಳೆಯ 32 ಬಿಟ್ ಲುವಾ ಲೈಬ್ರರಿಯನ್ನು ನೆಚ್ಚಿಕೊಂಡವರು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಆದ್ದರಿಂದ ಫೋನಿನಲ್ಲಿ ಲುವಾ ಬಳಸುವುದಾದರೆ ಅದರ ಮೂಲವನ್ನು ನೀವೇ ಕಟ್ಟಿಕೊಳ್ಳಿ, ಸಿದ್ಧ ಲೈಬ್ರರಿ ಇಳಿಸಿಕೊಳ್ಳಬೇಡಿ.

ನನ್ನ ಸಲಹೆ ಆ್ಯಪ್ ಬರೆಯಲೇಬೇಡಿ ಎಂದು. ಚಿಪ್ ತಾನೇ ಒಂದು ಸಣ್ಣ ಪುಟ ಕೊಡಲಿ, ಫೋನಿನ ಬ್ರೌಸರ್‌ನಲ್ಲಿ ತೆರೆಯಲಿ. ಇಲ್ಲೊಂದು ಅಡಚಣೆ ಇದೆ. ಇಂಟರ್ನೆಟ್ ಇಲ್ಲದ ಗೋದಾಮಿನಲ್ಲಿ ಚಿಪ್ ತನ್ನದೇ ವೈಫೈ ಹುಟ್ಟಿಸಿದಾಗ, ಆಂಡ್ರಾಯ್ಡ್ ಫೋನ್ 'ಇದರಲ್ಲಿ ಇಂಟರ್ನೆಟ್ ಇಲ್ಲ' ಎಂದು ಹೇಳಿ ಮೊಬೈಲ್ ಡೇಟಾ ಕಡೆಗೆ ಜಾರುತ್ತದೆ. ಪುಟ ತೆರೆಯುವುದಿಲ್ಲ, ಪೆಟ್ಟಿಗೆ ಕೆಟ್ಟಿದೆ ಎಂದು ಮಾಲೀಕ ಫೋನ್ ಮಾಡುತ್ತಾನೆ. ಆ ಎಚ್ಚರಿಕೆ ಬಂದಾಗ ಸಂಪರ್ಕ ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಬೇಕೆಂದು ಪೆಟ್ಟಿಗೆಯ ಮೇಲೆಯೇ ಕನ್ನಡದಲ್ಲಿ ಚೀಟಿ ಅಂಟಿಸಿ.

ಭೀಮಾ ದಂಡೆ (ಯಾದಗಿರಿ)

ನನ್ನದು ಗೋದಾಮು ಅಲ್ಲ, ಹೊಳೆ ದಂಡೆಯ ಪಂಪ್‌ಸೆಟ್. ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಮನೆಯಿಂದಲೇ ಪಂಪ್ ಹಾಕಬೇಕು, ಹೊಳೆಯ ನೀರು ಇಳಿದಾಗ ತಾನಾಗಿ ನಿಲ್ಲಬೇಕು. ಅಲ್ಲಿ ವೈಫೈ ಇಲ್ಲ. ಸಿಮ್ ಕಾರ್ಡ್ ಹಾಕುವ ಸಿಮ್800ಎಲ್ ಮಾಡ್ಯೂಲ್ ಹಚ್ಚಿ ಎಸ್‌ಎಂಎಸ್ ಮೂಲಕ ನಡೆಸಬೇಕೆಂದಿದ್ದೇನೆ, ಆ ಊರಿನಲ್ಲಿ 2ಜಿ ಇನ್ನೂ ಸಿಗುತ್ತದೆ. ಗಂಜ್ ರಸ್ತೆ ಅವರ ಮಾತು ಕೇಳಿ ಲುವಾ ಶುರು ಮಾಡಿದ್ದೇನೆ. ಸಂಜೆ ಹೊತ್ತು ಮೇಲೆ ಮೇಲೆ ಕರೆಂಟ್ ಹೋಗಿ ಬರುತ್ತದೆ, ಪ್ರತಿ ಸಲವೂ ಚಿಪ್ ಹೊಸದಾಗಿ ಏಳುತ್ತದೆ. ಅದು ಏಳುವಾಗ ಪಂಪ್ ತಾನಾಗಿ ಚಾಲೂ ಆಗಿಬಿಟ್ಟರೆ ಏನು ಗತಿ? ಇನ್ನೊಂದು, ನಮ್ಮ ಅತ್ತೆಯವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪರದೆಯ ಮೇಲೂ ಎಸ್‌ಎಂಎಸ್‌ನಲ್ಲೂ ಕನ್ನಡವೇ ಬೇಕು. ಇವೆರಡಕ್ಕೆ ದಾರಿ ಹೇಳಿ.

ಸೇಡಂ ಕಲ್ಲುಗಣಿ

ಅಕ್ಕ, ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಏಕೆಂದರೆ ಇದು ಮೋಟಾರಿನ ಮತ್ತು ಮನುಷ್ಯರ ಜೀವದ ಪ್ರಶ್ನೆ. ನೀರಿಲ್ಲದಾಗ ಮೋಟಾರ್ ನಿಲ್ಲಿಸುವ ಕೆಲಸವನ್ನು ಲುವಾಗೂ ಕೊಡಬೇಡಿ, ಸಿ ಭಾಷೆಗೂ ಕೊಡಬೇಡಿ. ಫ್ಲೋಟ್ ಸ್ವಿಚ್ ಅಥವಾ ಡ್ರೈ ರನ್ ರಿಲೇ, ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್, ಇವು ಸ್ಟಾರ್ಟರ್‌ನ ಕಾಯಿಲ್ ಸಾಲಿನಲ್ಲಿ ನೇರವಾಗಿ ಇರಲಿ. ಚಿಪ್ ಸತ್ತುಬಿದ್ದರೂ ಅವು ಕೆಲಸ ಮಾಡಬೇಕು. ಚಿಪ್‌ನ ಪಾತ್ರ 'ಚಾಲೂ ಮಾಡಲೇ' ಎಂದು ಕೇಳುವಷ್ಟೇ.

ಇಎಸ್‌ಪಿ8266 ಏಳುವಾಗ ಅದರ ಕೆಲವು ಪಿನ್‌ಗಳು ಕ್ಷಣಕಾಲ ಮೇಲೆ ಕೆಳಗೆ ಆಡುತ್ತವೆ, ರಿಲೇ ಟಪ್ಪೆಂದು ಒತ್ತಿ ಬಿಡುತ್ತದೆ. 0, 2, 15 ಮತ್ತು 16ನೆಯ ಜಿಪಿಐಒ ಪಿನ್‌ಗಳನ್ನು ರಿಲೇಗೆ ಮುಟ್ಟಿಸಬೇಡಿ. 4 ಮತ್ತು 5 ಅವುಗಳಿಗಿಂತ ಶಾಂತ. ಪಿನ್ ಕೆಳಗಿಳಿದಾಗ ಒತ್ತಿಕೊಳ್ಳುವ ರಿಲೇ ಬೋರ್ಡುಗಳು ಮಾರುಕಟ್ಟೆಯಲ್ಲಿ ಹೆಚ್ಚು ಸಿಗುತ್ತವೆ, ನಿಮಗೆ ಬೇಕಾದದ್ದು ಮೇಲೇರಿದಾಗ ಒತ್ತಿಕೊಳ್ಳುವಂಥದ್ದು. ಸಿಮ್800ಎಲ್ ಸಂಕೇತ ಕಳಿಸುವಾಗ ಕ್ಷಣಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದಕ್ಕೆ ಬೇರೆಯೇ ಸಪ್ಲೈ ಕೊಡಿ, ಇಲ್ಲದಿದ್ದರೆ ಪ್ರತಿ ಎಸ್‌ಎಂಎಸ್‌ಗೂ ಚಿಪ್ ಮರುಚಾಲೂ ಆಗುತ್ತದೆ, ನೀವು ಲುವಾದಲ್ಲಿ ತಪ್ಪು ಹುಡುಕುತ್ತ ಕೂರುತ್ತೀರಿ.

ಗಂಜ್ ರಸ್ತೆ (ಕಲಬುರಗಿ)

ಸೇಡಂ ಸರ್ ಬರೆದದ್ದನ್ನು ಅಕ್ಷರಶಃ ಪಾಲಿಸಿ ಅಕ್ಕ. ಲುವಾ ಹುಟ್ಟಿದ್ದೇ ಗಟ್ಟಿಯಾದ ಸಿ ತಳದ ಮೇಲೆ ಕುಳಿತು, ಪದೇ ಪದೇ ಬದಲಾಗುವ ನಿಯಮಗಳನ್ನು ಹೇಳಲಿಕ್ಕೆ. ಬದಲಾಗಬಾರದ್ದನ್ನು ಅದರ ಕೈಗೆ ಕೊಡುವುದು ಬೇಡ.

ಕನ್ನಡದ ವಿಷಯಕ್ಕೆ ಬರುತ್ತೇನೆ, ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಲುವಾಗೆ ಸ್ಟ್ರಿಂಗ್, ಅಂದರೆ ಪಠ್ಯ, ಬರಿಯ ಬೈಟ್‌ಗಳ ಸಾಲು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. 'ಕಲಬುರಗಿ' ಎಂಬುದರ ಉದ್ದ ಎಷ್ಟು ಎಂದು ಹ್ಯಾಶ್ ಚಿಹ್ನೆ ಹಾಕಿ ಕೇಳಿ. ಕಣ್ಣಿಗೆ ಐದು ಅಕ್ಷರ, ಆದರೆ ಉಕಾರ ಇಕಾರಗಳು ಬೇರೆ ಸಂಕೇತಗಳಾದ್ದರಿಂದ ಯೂನಿಕೋಡ್‌ನಲ್ಲಿ ಏಳು, ಲುವಾ ಕೊಡುವ ಉತ್ತರ 21. ಆ ಸ್ಟ್ರಿಂಗ್ ಅನ್ನು ಎಲ್ಲೆಂದರಲ್ಲಿ ಕತ್ತರಿಸಿದರೆ ಅಕ್ಷರದ ಹೊಟ್ಟೆಯೇ ಸೀಳಿಹೋಗುತ್ತದೆ. 5.3ರಿಂದ ಯುಟಿಎಫ್-8 ಲೈಬ್ರರಿ ಬಂದಿದೆ, ಅದು ಏಳು ಎನ್ನುತ್ತದೆ. ಐದು ಎಂದು ಅದಕ್ಕೂ ಹೇಳಲು ಬರುವುದಿಲ್ಲ. ಹಾಗಾಗಿ ಚಿಪ್‌ನಲ್ಲಿ ಕನ್ನಡವನ್ನು ಕತ್ತರಿಸುವ, ಎಣಿಸುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಪೂರ್ಣ ವಾಕ್ಯಗಳನ್ನು ಸಿದ್ಧವಾಗಿಟ್ಟು ಹಾಗೆಯೇ ಕಳಿಸಿ.

ಎಸ್‌ಎಂಎಸ್‌ಗೆ ಆ ವಾಕ್ಯವನ್ನು ಯುಸಿಎಸ್-2 ಎಂಬ ಯೂನಿಕೋಡ್ ರೂಪದಲ್ಲಿ, ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಗಳಾಗಿ ಮೊದಲೇ ಬರೆದಿಡಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಹೀಗೆ ಕಳಿಸುವ ಕನ್ನಡಕ್ಕೆ 70 ಸಂಕೇತ. 'ಪಂಪ್ ನಿಂತಿದೆ, ನೀರು ಇಳಿದಿದೆ' ಎನ್ನಲು ಧಾರಾಳವಾಗಿ ಸಾಕು.

ಪರದೆಯ ಮೇಲೆ ಒತ್ತಕ್ಷರ ಕೂರಿಸುವುದು ಇನ್ನೂ ಕಠಿಣ. ಫೋನಿನಲ್ಲಿ ಆ ಕೆಲಸ ಮಾಡುವ ದೊಡ್ಡ ಲೈಬ್ರರಿಗೆ ಈ ಚಿಪ್‌ನಲ್ಲಿ ಜಾಗವಿಲ್ಲ. ನಾನು ಮಾಡುವುದು ಇಷ್ಟು: ಬೇಕಾದ ಪದಗಳನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕಪ್ಪು ಬಿಳುಪು ಚಿತ್ರವಾಗಿ ಉಳಿಸಿ, ಬೈಟ್‌ಗಳಾಗಿ ಫ್ಲಾಶ್‌ಗೆ ಹಾಕುತ್ತೇನೆ. 128 ಚುಕ್ಕಿ ಅಡ್ಡ, 64 ಚುಕ್ಕಿ ಉದ್ದದ ಪೂರ್ತಿ ಪರದೆಗೆ 1024 ಬೈಟ್ ಆಗುತ್ತದೆ. ಫ್ಲಾಶ್ 4 ಮೆಗಾಬೈಟ್ ಇದೆ, ಚಿಂತೆಯಿಲ್ಲ. ಅಂಕಿಗಳನ್ನು ಮಾತ್ರ ಚಿಪ್ ತಾನೇ ಬರೆಯುತ್ತದೆ. 'ತೇವ ಹೆಚ್ಚಿದೆ' ಎಂದು ಆ ಪುಟ್ಟ ಪರದೆಯ ಮೇಲೆ ದುಂಡಾಗಿ ಮೂಡಿದಾಗ ಹಮಾಲರು ಕೂಡ ನಿಂತು ಓದುತ್ತಾರೆ. ಇಂಗ್ಲಿಷಿನಲ್ಲಿದ್ದಾಗ ಅದನ್ನು ಮಾಲೀಕ ಒಬ್ಬನೇ ಓದುತ್ತಿದ್ದ.

ಆಳಂದದ ವಿದ್ಯಾರ್ಥಿ

ಅಣ್ಣಾ, ಗೆಳೆಯನ ಬೋರ್ಡ್ ಸಿಕ್ಕಿತು. ಶಾಖದ ಸರಾಸರಿ ತೆಗೆದರೆ ದಶಮಾಂಶವೇ ಬರುತ್ತಿಲ್ಲ, 5ನ್ನು 2ರಿಂದ ಭಾಗಿಸಿದರೆ 2 ಎನ್ನುತ್ತದೆ. ಟರ್ಮಕ್ಸ್‌ನಲ್ಲಿ 2.5 ಬರುತ್ತದೆ. ಜೊತೆಗೆ, ಅಳತೆಗಳನ್ನೆಲ್ಲ ಒಂದೇ ಸ್ಟ್ರಿಂಗ್‌ಗೆ ಸೇರಿಸುತ್ತ ಹೋದರೆ ಸ್ವಲ್ಪ ಹೊತ್ತಿಗೆ ಮೆಮೊರಿ ಸಾಲದು ಎಂದು ನಿಂತುಬಿಡುತ್ತದೆ.

ಗಂಜ್ ರಸ್ತೆ (ಕಲಬುರಗಿ)

ನಿನ್ನ ಗೆಳೆಯ ಹಾಕಿರುವುದು ಪೂರ್ಣಾಂಕದ ಫರ್ಮ್‌ವೇರ್ ತಮ್ಮಾ. ನೋಡ್‌ಎಂಸಿಯು ಕಟ್ಟುವಾಗ ಪೂರ್ಣಾಂಕ ಮತ್ತು ಫ್ಲೋಟ್ (ದಶಮಾಂಶದ್ದು) ಎಂಬ ಎರಡು ಬಗೆ ಸಿಗುತ್ತವೆ. ಪೂರ್ಣಾಂಕದ್ದು ಜಾಗ ಉಳಿಸುತ್ತದೆ, ದಶಮಾಂಶ ಕೊಡುವುದಿಲ್ಲ. ಅದಕ್ಕಾಗಿಯೇ ಡಿಎಚ್‌ಟಿ ಮಾಡ್ಯೂಲ್ ದಶಮಾಂಶವನ್ನು ಬೇರೆ ಮೌಲ್ಯವಾಗಿ ಕೊಡುತ್ತದೆ, 31.4 ಡಿಗ್ರಿ ಇದ್ದರೆ 31 ಒಂದು ಕಡೆ, 400 ಇನ್ನೊಂದು ಕಡೆ ಬರುತ್ತದೆ. ಸಾವಿರದಿಂದ ಗುಣಿಸಿ ಕೂಡಿಸಿಕೊಂಡು ಸರಾಸರಿ ತೆಗೆ, ತೋರಿಸುವಾಗ ಮಾತ್ರ ಬಿಡಿಸು.

ಮೆಮೊರಿಯ ಕಥೆ ಬೇರೆ. ಲುವಾದಲ್ಲಿ ಒಮ್ಮೆ ಹುಟ್ಟಿದ ಸ್ಟ್ರಿಂಗ್ ಬದಲಾಗುವುದಿಲ್ಲ. ಎರಡು ಚುಕ್ಕಿ ಹಾಕಿ ಸೇರಿಸಿದಾಗಲೆಲ್ಲ ಹಳೆಯದು ಕಸವಾಗಿ ಉಳಿದು ಹೊಸದೊಂದು ಪ್ರತಿ ಹುಟ್ಟುತ್ತದೆ. ಲುವಾ ಮತ್ತು ವೈಫೈ ತಮ್ಮ ಪಾಲು ತೆಗೆದುಕೊಂಡ ಮೇಲೆ ಈ ಚಿಪ್‌ನಲ್ಲಿ ಉಳಿಯುವ ರ್‍ಯಾಮ್ ಸುಮಾರು 40 ಕಿಲೋಬೈಟ್. ಅಳತೆಗಳನ್ನು ಟೇಬಲ್‌ಗೆ ಹಾಕುತ್ತ ಹೋಗು, ಕೊನೆಗೆ ಟೇಬಲ್‌ನ ಕಾನ್‌ಕ್ಯಾಟ್‌ನಿಂದ ಒಂದೇ ಸಲ ಕೂಡಿಸು. ಪ್ರತಿ ಹಂತದಲ್ಲೂ ನೋಡ್ ಮಾಡ್ಯೂಲ್‌ನ ಹೀಪ್ (ಉಳಿದಿರುವ ರ್‍ಯಾಮ್) ಎಷ್ಟಿದೆ ಎಂದು ಮುದ್ರಿಸಿ ನೋಡುವ ಅಭ್ಯಾಸ ಇಟ್ಟುಕೋ. ದೊಡ್ಡ ಕಾರ್ಯಕ್ರಮಕ್ಕೆ ಲುವಾ ಸಂಕೇತವನ್ನು ಫ್ಲಾಶ್‌ನಿಂದಲೇ ನಡೆಸುವ ಎಲ್‌ಎಫ್‌ಎಸ್ ಸೌಲಭ್ಯ ಇದೆ. ಅದನ್ನು ಬಳಸಿದರೂ ಮೂಲ ಕಡತದ ಪ್ರತಿಯನ್ನು ಚಿಪ್‌ನಿಂದ ಅಳಿಸಬೇಡ.

ಭೀಮಾ ದಂಡೆ (ಯಾದಗಿರಿ)

ರಿಲೇ ಬದಲಿಸಿದೆ, ಫ್ಲೋಟ್ ಸ್ವಿಚ್ ಅನ್ನು ಸ್ಟಾರ್ಟರ್‌ಗೇ ಹಾಕಿಸಿದೆ. ಈಗ ಎರಡನೆಯ ಪೆಟ್ಟಿಗೆ, ಹೊಳೆಯ ನೀರಿನ ಮಟ್ಟ ನೋಡುವುದಕ್ಕೆ, ಬ್ಯಾಟರಿಯ ಮೇಲೆ. ನಿದ್ದೆ ಮಾಡಿ ಎದ್ದು ಅಳೆದು ಮತ್ತೆ ಮಲಗಬೇಕು. ಚಿಪ್ ಎದ್ದಾಗ ಮೊದಲು ಓಡುವ ಇನಿಟ್ ಕಡತದ ಆರಂಭದಲ್ಲಿ ಐದು ಸೆಕೆಂಡ್ ಕಾಯಿಸಿ ನಂತರ ಮುಖ್ಯ ಕಡತ ಓಡಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಆ ಐದು ಸೆಕೆಂಡ್ ಪ್ರತಿ ಸಲವೂ ಬ್ಯಾಟರಿ ತಿನ್ನುತ್ತದೆಯಲ್ಲ?

ಗಂಜ್ ರಸ್ತೆ (ಕಲಬುರಗಿ)

ತಿನ್ನುತ್ತದೆ ಅಕ್ಕ. ಆದರೂ ಆ ವಿರಾಮವನ್ನು ತೆಗೆಯಬೇಡಿ. ಮುಖ್ಯ ಕಡತದಲ್ಲಿ ದೋಷವಿದ್ದು ಚಿಪ್ ಎದ್ದ ಕೂಡಲೇ ಬೀಳತೊಡಗಿದರೆ, ಏಳುವುದು ಬೀಳುವುದು ನಡೆದೇ ಇರುತ್ತದೆ, ಒಂದು ಸಾಲು ಬರೆಯಲೂ ಅದು ಬಿಡುವು ಕೊಡುವುದಿಲ್ಲ. ಆಗ ಫರ್ಮ್‌ವೇರ್ ಅನ್ನೇ ಹೊಸದಾಗಿ ತುಂಬಬೇಕಾಗುತ್ತದೆ, ಫ್ಲಾಶ್‌ನಲ್ಲಿದ್ದ ಮೂಲವೂ ಹೋಗಬಹುದು.

ದಾರಿ ಇದೆ. ಚಿಪ್ ಯಾವ ಕಾರಣಕ್ಕೆ ಎದ್ದಿದೆ ಎಂದು ನೋಡ್ ಮಾಡ್ಯೂಲ್‌ನ ಬೂಟ್‌ರೀಸನ್ ಹೇಳುತ್ತದೆ. ಅದು ಕೊಡುವ ಎರಡನೆಯ ಮೌಲ್ಯ 5 ಇದ್ದರೆ ಗಾಢ ನಿದ್ದೆಯಿಂದ ಎದ್ದದ್ದು ಎಂದರ್ಥ. ಆಗ ಕಾಯದೆ ನೇರವಾಗಿ ಮುಖ್ಯ ಕಡತಕ್ಕೆ ಹೋಗಿ. ಬೇರೆ ಯಾವ ಸಂಖ್ಯೆ ಬಂದರೂ ಐದು ಸೆಕೆಂಡ್ ಕಾಯಿರಿ. ನಿದ್ದೆಯಿಂದ ಏಳಲು 16ನೆಯ ಜಿಪಿಐಒ ಮತ್ತು ರೀಸೆಟ್ ಪಿನ್ ನಡುವೆ ತಂತಿ ಬೇಕು, ಅದನ್ನು ಕಾರ್ಯಕ್ರಮ ಹಾಕಿ ಮುಗಿದ ಮೇಲೆ ಬೆಸೆಯಿರಿ.

ಎದ್ದಾಗಲೆಲ್ಲ ಲುವಾದ ಚರಗಳು ಅಳಿಸಿಹೋಗಿರುತ್ತವೆ. ಹಿಂದಿನ ಮಟ್ಟ ನೆನಪಿರಬೇಕಾದರೆ ನಿದ್ದೆಯಲ್ಲೂ ಅಳಿಯದ ಆರ್‌ಟಿಸಿ ಮೆಮೊರಿಯಲ್ಲಿ ಇಡಿ, ಅಲ್ಲಿ 32 ಬಿಟ್‌ಗಳ 128 ಮನೆಗಳಿವೆ. ನೋಡ್‌ಎಂಸಿಯು ಬೋರ್ಡಿನ ರೆಗ್ಯುಲೇಟರ್ ಮತ್ತು ಯುಎಸ್‌ಬಿ ಚಿಪ್ ಮಲಗುವುದಿಲ್ಲ, ಆದ್ದರಿಂದ ಬ್ಯಾಟರಿ ಪೆಟ್ಟಿಗೆಗೆ ಅವೆರಡೂ ಇಲ್ಲದ ಬರಿಯ ಇಎಸ್‌ಪಿ8266 ಮಾಡ್ಯೂಲ್ ಕೊಳ್ಳಿ. ಹೊಳೆ ದಂಡೆಯ ಬಿಸಿಲಿಗೆ ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಬೇಡ, 45 ಡಿಗ್ರಿ ದಾಟಿದರೆ ಅದನ್ನು ಚಾರ್ಜ್ ಮಾಡುವಂತಿಲ್ಲ. ನಾನು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕುತ್ತೇನೆ. ಅದರ 3.2 ವೋಲ್ಟ್ ರೆಗ್ಯುಲೇಟರ್ ಇಲ್ಲದೆಯೇ ಈ ಚಿಪ್‌ಗೆ ಹೊಂದುತ್ತದೆ. ಬೂಟ್‌ರೀಸನ್ ಸಾಲುಗಳಿರುವ ನನ್ನ ಇನಿಟ್ ಕಡತವನ್ನು ಕನ್ನಡ ಟಿಪ್ಪಣಿಗಳ ಸಮೇತ ನಾಳೆ ಇಲ್ಲಿಯೇ ಹಾಕುತ್ತೇನೆ. ಪಿನ್ ಸಂಖ್ಯೆಗಳನ್ನು ಮಾತ್ರ ನಿಮ್ಮ ಪೆಟ್ಟಿಗೆಗೆ ತಕ್ಕಂತೆ ಬದಲಿಸಿಕೊಳ್ಳಿ.